ಹತ್ತೊಂಬತ್ತು ಗುಂಡು

ನನ್ನ ಬೈಕಿನ ಸೀಟಿನ ಮೇಲೆ ಹೂಕುಂಡ ಇಡುತ್ತಾರಂತೆ.

ಗುರುವಾರ ಸಂಜೆ ನನ್ನ ಮಗಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ನನಗೇನೋ ಬಹುಮಾನ ಬಂದಿದೆ ಎನ್ನುವ ಧಾಟಿಯಲ್ಲಿ ಇದನ್ನು ಹೇಳಿದಳು. ಪೇಟೆಯಲ್ಲಿ ಹೊಸದಾಗಿ ಕಾಫಿ ಅಂಗಡಿ ತೆರೆದವನೊಬ್ಬ ಹಳೇ ಬೈಕು ಹುಡುಕುತ್ತಿದ್ದಾನಂತೆ. ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ, ಸೀಟಿನ ಮೇಲೊಂದು, ಹಿಂದಿನ ಕ್ಯಾರಿಯರ್ ಮೇಲೊಂದು ಹೂಕುಂಡ ಇಟ್ಟು ಅಲಂಕಾರ ಮಾಡುತ್ತಾನಂತೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ಹೇರಿಕೊಂಡು ಹೋಗುತ್ತಾನಂತೆ.

"ಚೆನ್ನಾಗಿ ನೋಡ್ಕೋತಾರಂತೆ ಅಮ್ಮಾ. ದಿನಾ ಒರೆಸ್ತಾರಂತೆ."

"ಹೆಣಾನೂ ತೊಳೆದು ಒರೆಸ್ತಾರೆ," ಎಂದೆ.

ಮಗಳು ನನ್ನ ಬಾಯಿಗೆ ಹೆದರುವವಳಲ್ಲ. ಅವಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ರಿಪೋರ್ಟ್ ಕೈಗೆ ಬರದೆ ಯಾವುದನ್ನೂ ನಂಬುವುದಿಲ್ಲ, ಬಂದಮೇಲೆ ಯಾರು ಹೇಳಿದರೂ ಬದಲಾಯಿಸುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಎಲ್ಲಿಂದ ಬಂತು ಈ ಗುಣ ಎಂದು ಯಾರೂ ಕೇಳುವುದಿಲ್ಲ, ನನ್ನನ್ನು ನೋಡಿದರೆ ಸಾಕು. ಬೈಕಿನ ಕೀಲಿ ಅವಳ ಕೈಚೀಲದಲ್ಲಿತ್ತು. ಏಳು ವಾರದಿಂದ ಅಲ್ಲೇ ಇತ್ತು.

ನಾನು ಹಲ್ಲು ಕಟ್ಟುವವಳು. ಡಾಕ್ಟರು ಬಾಯಿಯ ಅಳತೆ ತೆಗೆದು ಅಚ್ಚು ಕೊಡುತ್ತಾರೆ. ಅದರ ಮೇಲೆ ಮೇಣ ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಪೂರ್ತಿ ಸೆಟ್ ಮಾಡಿಕೊಡುವುದು ನನ್ನ ಕೆಲಸ. ಮೂವತ್ತೈದು ವರ್ಷ ಆಯಿತು. ಈ ಬಡಾವಣೆಯಲ್ಲಿ ಅರವತ್ತು ದಾಟಿದವರು ನಕ್ಕರೆ ಅದರಲ್ಲಿ ಅರ್ಧ ನನ್ನ ನಗು. ಜನ ನನ್ನನ್ನು ಹಲ್ಲಮ್ಮ ಎಂದೇ ಕರೆಯುತ್ತಾರೆ. ಅಚ್ಚು ತರಲು, ಹಲ್ಲು ತಲುಪಿಸಲು ಊರಿನ ಆ ತುದಿಯಿಂದ ಈ ತುದಿಗೆ ಓಡಾಡಿದ್ದೆಲ್ಲ ಈ ಬೈಕಿನಲ್ಲೇ. ನಾನು ಕೊಳ್ಳುವಾಗಲೇ ಅದು ಎರಡು ಕೈ ದಾಟಿ ಬಂದಿತ್ತು. ಈಗ ನನಗೆ ಅರವತ್ತೆರಡು, ಅದಕ್ಕೆ ಐವತ್ತೈದು. ನಮ್ಮ ಮನೆಯಲ್ಲಿ ಅದೂ ಒಬ್ಬರು. ಹೆಡ್‌ಲೈಟಿಗೆ ನಾವು ಗಂಡ ಹೆಂಡತಿ ಕಣ್ಣು ಎನ್ನುತ್ತೇವೆ, ಪೆಟ್ರೋಲ್ ಟ್ಯಾಂಕಿಗೆ ಹೊಟ್ಟೆ, ಸ್ಟ್ಯಾಂಡಿಗೆ ಕಾಲು. "ಅದರ ಒಂದು ಕಣ್ಣೂ ಹೋಯ್ತು," ಎಂದು ನಮ್ಮವರು ಒಮ್ಮೆ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಪಕ್ಕದ ಮನೆಯವರು ಗಾಬರಿಯಾಗಿ ಓಡಿಬಂದಿದ್ದರು.

ಏಳು ವಾರದ ಹಿಂದೆ, ನೀರಿನ ಟ್ಯಾಂಕಿನ ಹತ್ತಿರದ ಇಳಿಜಾರಿನಲ್ಲಿ ನಾವು ಬಿದ್ದೆವು. ನಾವು ಎಂದರೆ ನಾನು ಮತ್ತು ಹಿಂದೆ ಕೂತಿದ್ದ ನಮ್ಮವರು. ವೇಗವೇನೂ ಇರಲಿಲ್ಲ. ಹ್ಯಾಂಡಲ್ ಒಮ್ಮೆ ಅದುರಿತು, ಆಮೇಲೆ ಆ ಕಡೆ ಈ ಕಡೆ ಪಟಪಟ ಹೊಡೆದುಕೊಂಡಿತು, ನಾನು ಹಿಡಿತಕ್ಕೆ ತರುವಷ್ಟರಲ್ಲಿ ಇಬ್ಬರೂ ರಸ್ತೆ ಪಕ್ಕದ ಜಲ್ಲಿ ರಾಶಿಯ ಮೇಲಿದ್ದೆವು. ನನಗೆ ಮೊಣಕಾಲು ತರಚಿತು. ಅವರ ಎಡಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಅವರು ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿದ್ದರು. ಮಗಳು ಓಡಿಬಂದು, "ಏನಾಯ್ತಪ್ಪಾ?" ಎಂದಳು.

"ಕೈ ನಡುಗ್ತು. ಅದಕ್ಕೇ ಬಿದ್ವಿ."

ಅಷ್ಟೇ ಹೇಳಿದ್ದು. ಪರದೆಯ ಈಚೆ ನಿಂತು ನಾನೂ ಕೇಳಿಸಿಕೊಂಡೆ. ಮಗಳು ಹೊರಗೆ ಬಂದವಳೇ ನನ್ನ ಮುಂದೆ ಅಂಗೈ ಚಾಚಿದಳು. ನಾನು ಕೀಲಿ ಕೊಟ್ಟೆ.

ಯಾಕೆ ಕೊಟ್ಟೆ ಎಂದರೆ, ನನ್ನ ಕೈ ನಡುಗುವುದು ನಿಜ. ಎರಡು ವರ್ಷವಾಯಿತು. ಬೆಳಿಗ್ಗೆ ಜಾಸ್ತಿ, ತಿಂಡಿ ಆದಮೇಲೆ ಕಡಿಮೆ. ಖಾಲಿ ಕೈ ಚಾಚಿದರೆ ಬೆರಳ ತುದಿಯಲ್ಲಿ ಸಣ್ಣಗೆ ಕಾಣುತ್ತದೆ, ಕೆಲಸಕ್ಕೆ ಕೂತರೆ ನಿಲ್ಲುತ್ತದೆ. ಟೀ ಲೋಟವನ್ನು ಅರ್ಧ ಮಾತ್ರ ತುಂಬಿಸಿಕೊಳ್ಳುವುದು, ಯಾರಾದರೂ ನೋಡುತ್ತಿದ್ದರೆ ಕೈಯನ್ನು ಸೆರಗಿನಲ್ಲಿ ಒರೆಸುವಂತೆ ಮಾಡುವುದು, ಇಂಥ ಕಳ್ಳಾಟಗಳನ್ನೆಲ್ಲ ಕಲಿತಿದ್ದೆ. ಈ ಗುಟ್ಟು ನನಗೂ ನನ್ನ ಮೇಣದ ಚಾಕುವಿಗೂ ಮಾತ್ರ ಗೊತ್ತು ಎಂದುಕೊಂಡಿದ್ದೆ. ನಮ್ಮವರು ಕಂಡುಹಿಡಿದಿದ್ದಾರೆ, ಕಂಡವರು ನನಗೆ ಒಂದು ಮಾತೂ ಹೇಳದೆ ಮಗಳ ಕಿವಿಗೆ ಹಾಕಿದ್ದಾರೆ ಎಂದು ಅವತ್ತು ಮೈಯೆಲ್ಲ ಉರಿಯಿತು. ಮೂವತ್ತೆಂಟು ವರ್ಷ ಸಂಸಾರ ಮಾಡಿ ಕೊನೆಗೆ ಕೈ ಕೊಟ್ಟರು ಅನ್ನಿಸಿತು.

ಅವರನ್ನು ಕೇಳಿಯೇಬಿಡಬಹುದಿತ್ತು. ಕೇಳಲಿಲ್ಲ. ಹೌದು, ನೋಡಿದೆ, ಎಂದುಬಿಟ್ಟರೆ? ಅದನ್ನು ಕೇಳುವ ಧೈರ್ಯ ಇರಲಿಲ್ಲ. ಅವರೂ ತಾವಾಗಿ ಏನೂ ಹೇಳಲಿಲ್ಲ. ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು ಅವರು. ಬೇರೆಯವರ ಕಾಗುಣಿತ ಸರಿಮಾಡಿ ಸರಿಮಾಡಿ ಸ್ವಂತ ಅಭಿಪ್ರಾಯ ಹೇಳುವುದೇ ಮರೆತುಹೋಗಿದೆ. ನಾನೂ ಮಗಳೂ ಜಗಳಕ್ಕೆ ನಿಂತರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಆಡಿ ಪೇಪರಿನ ಹಿಂದೆ ಮರೆಯಾಗುತ್ತಾರೆ. ಹೂಕುಂಡದ ಸುದ್ದಿಗೂ ಪೇಪರಿನ ಹಿಂದಿನಿಂದ "ಹೂಂ" ಎಂದರು.

ಆ "ಹೂಂ" ಕೇಳಿದಮೇಲೆ ನನ್ನ ಪಿತ್ತ ನೆತ್ತಿಗೇರಿತು. ಹಲ್ಲು ಕಿತ್ತ ಹಾವು ಮಾಡಿ ಬುಟ್ಟಿಯಲ್ಲಿ ಕೂರಿಸಬೇಕು ಎಂದಿದ್ದಾರೆ. ಜನರಿಗೆ ಹಲ್ಲು ಕಟ್ಟಿಕೊಟ್ಟವಳು ನಾನು.

ಶುಕ್ರವಾರ ಬೆಳಿಗ್ಗೆ ಹಿತ್ತಲಿನ ಶೆಡ್ಡಿಗೆ ಹೋದೆ. ಬಿದ್ದಾಗಿನಿಂದ ಆ ಕಡೆ ತಲೆ ಹಾಕಿರಲಿಲ್ಲ, ಅದು ನನ್ನ ತಪ್ಪು. ಬೈಕನ್ನು ನಡು ಸ್ಟ್ಯಾಂಡಿಗೆ ಎತ್ತಿ, ಇಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿದೆ. ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಚಕ್ರವನ್ನು ಎರಡೂ ಕಡೆ ಹಿಡಿದಿರುವ ಫೋರ್ಕಿನ ಎರಡು ಕೊಳವೆಗಳನ್ನೂ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದೆ. ಟಕ್ ಎಂದಿತು. ಮತ್ತೆ ಅಲ್ಲಾಡಿಸಿದೆ, ಮತ್ತೆ ಟಕ್. ಎದ್ದು ಹ್ಯಾಂಡಲನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿದೆ. ನೆಟ್ಟಗೆ ಬಂದ ಜಾಗದಲ್ಲಿ ಗುಂಡಿಗೆ ಬಿದ್ದಂತೆ ಹಿಡಿದುಕೊಂಡಿತು.

ಸಡಿಲ ಹಲ್ಲನ್ನು ಬೆರಳಲ್ಲಿ ಹಿಡಿದರೆ ಗೊತ್ತಾಗುವ ಹಾಗೆ ಗೊತ್ತಾಯಿತು. ಬೈಕಿನ ಕತ್ತು ಸವೆದಿತ್ತು.

ಕೂಡಲೇ ಮಗಳಿಗೆ ಫೋನ್ ಮಾಡಿದೆ. "ಬಿದ್ದಿದ್ದು ನನ್ನಿಂದಲ್ಲ ಕಣೇ. ಹ್ಯಾಂಡಲ್ಲಿನ ಬೇರಿಂಗ್ ಹೋಗಿದೆ. ಅದೇ ಹೊಡ್ಕೊಂಡಿದ್ದು."

ಅವಳು ಮೆತ್ತಗೆ, ರೋಗಿಗೆ ಹೇಳುವ ಹಾಗೆ ಹೇಳಿದಳು. "ಅಮ್ಮಾ, ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕಾಗಿದ್ರೆ ಏನನ್ಬೇಕು? ಸುಮ್ನೆ ಬಿದ್ದು ಸಾಯ್ಬೇಕಾ?"

"ಭಾನುವಾರ ಹತ್ತು ಗಂಟೆ ಅಮ್ಮಾ," ಎಂದು ಇಟ್ಟಳು.

ಎರಡು ಬೀದಿ ಆಚೆ ನಮ್ಮ ಮೆಕ್ಯಾನಿಕ್ ಇದ್ದಾನೆ. ಇಪ್ಪತ್ತು ವರ್ಷದಿಂದ ಆ ಬೈಕನ್ನು ನೋಡಿಕೊಂಡವನು, ನನ್ನನ್ನು ಅಕ್ಕ ಎನ್ನುತ್ತಾನೆ. ನನ್ನನ್ನು ಕಂಡ ಕೂಡಲೇ ಕೈ ಒರೆಸುತ್ತ ಹಿಂದೆ ಸರಿದ.

"ಅಕ್ಕಾ, ನಿಮ್ಮ ಮಗಳು ಫೋನ್ ಮಾಡಿದ್ರು. ಆ ಗಾಡಿಗೆ ಕೈ ಹಾಕ್ಬೇಡ ಅಂದಿದ್ದಾರೆ."

"ನಾನು ಕಟ್ಟಿದ ಹಲ್ಲು ಬಾಯಲ್ಲಿಟ್ಕೊಂಡು ನನಗೇ ಇಲ್ಲ ಅಂತೀಯಾ?"

ಅವನು ಬಾಯಿ ಮುಚ್ಚಿಕೊಂಡ. ಮೇಲಿನ ಸೆಟ್ ಪೂರ್ತಿ ನನ್ನದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಒಳಗೆ ಹೋಗಿ ಒಂದು ಪೊಟ್ಟಣ, ಗ್ರೀಸಿನ ಡಬ್ಬಿ, ಒಂದು ಉದ್ದನೆಯ ಕಬ್ಬಿಣದ ಕಂಬಿ ತಂದು ಬೆಂಚಿನ ಮೇಲಿಟ್ಟು ಬೇರೆ ಕಡೆ ಮುಖ ಮಾಡಿದ. "ನಾನಂತೂ ಕೈ ಹಾಕಲ್ಲ. ಅಂಗಡೀಲಿ ಬಿದ್ದಿರೋ ಸಾಮಾನು ಯಾರಾದ್ರೂ ತಗೊಂಡ್ಹೋದ್ರೆ ನನಗೇನು ಗೊತ್ತು?"

ಪೊಟ್ಟಣ ಬಿಚ್ಚಿದೆ. ಉಕ್ಕಿನ ಎರಡು ಬಟ್ಟಲು, ಎರಡು ಕೋನು, ಒಂದಷ್ಟು ಗುಂಡುಗಳು. ಬೈಕಿನ ಕತ್ತಿನ ಕೊಳವೆಯಲ್ಲಿ ಮೇಲೊಂದು ಕೆಳಗೊಂದು ಬಟ್ಟಲು ಕೂರುತ್ತದೆ. ಬಟ್ಟಲಿಗೂ ಕೋನಿಗೂ ನಡುವೆ ಗುಂಡುಗಳು ಸುತ್ತ ಓಡುತ್ತವೆ. ಹ್ಯಾಂಡಲ್ ತಿರುಗುವುದು ಈ ಗುಂಡುಗಳ ಮೇಲೆ.

"ಬಟ್ಟಲಿಗೆ ಹತ್ತೊಂಬತ್ತು," ಎಂದ ಗೋಡೆಗೆ ಹೇಳುವವನಂತೆ. "ಕೂರಿಸಿದ್ಮೇಲೆ ಇನ್ನೊಂದು ಗುಂಡಿನಷ್ಟು ಸಂದು ಕಾಣುತ್ತೆ. ಇಪ್ಪತ್ತನೇದು ಹಿಡಿಯುತ್ತೆ ಅನ್ಸುತ್ತೆ. ಎಲ್ರೂ ಅಲ್ಲೇ ಎಡವೋದು. ಹಾಕ್ಬಾರ್ದು."

"ಹಲ್ಲಿನ ಸೆಟ್ಟಲ್ಲಿ ಸಂದು ಬಿಟ್ರೆ ಜನ ತಂದು ಮುಖಕ್ಕೆ ಎಸೀತಾರೆ."

"ಹಲ್ಲು ನಿಂತ ಕಡೆ ನಿಲ್ಬೇಕು ಅಕ್ಕಾ. ಇದು ಓಡ್ಬೇಕು. ಓಡೋದಕ್ಕೆ ಜಾಗ ಬೇಕು."

ಮನೆಗೆ ಬಂದು ಮೊದಲು ಹೊಸ ಬಟ್ಟಲುಗಳನ್ನು ಫ್ರಿಜ್ಜಿನ ಐಸ್ ಡಬ್ಬದಲ್ಲಿಟ್ಟೆ. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಕೂರುತ್ತವೆ. ಆಮೇಲೆ ಶೆಡ್ಡಿನ ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ ಕೆಲಸ ಶುರುಮಾಡಿದೆ. ಮುಂದಿನ ಚಕ್ರ, ಮಡ್‌ಗಾರ್ಡ್, ಹೆಡ್‌ಲೈಟ್ ಬಿಚ್ಚಿದೆ. ವೈರುಗಳಿಗೆಲ್ಲ ಹಲ್ಲಿನ ಸೆಟ್ಟುಗಳಿಗೆ ಕಟ್ಟುವ ಚೀಟಿಯನ್ನೇ ಕಟ್ಟಿದೆ. ಹ್ಯಾಂಡಲ್ ಕಳಚಿ, ಬಣ್ಣ ಗೀಚದಿರಲೆಂದು ಟವೆಲ್ ಸುತ್ತಿ, ಕೇಬಲ್ಲುಗಳ ಸಮೇತ ಪೆಟ್ರೋಲ್ ಟ್ಯಾಂಕಿನ ಮೇಲೆ ಮಲಗಿಸಿದೆ. ಕತ್ತಿನ ಮೇಲಿನ ದೊಡ್ಡ ನಟ್ಟು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಪಾನಾಕ್ಕೆ ಒಂದು ಪೈಪು ತೂರಿಸಿ, ಮೈಭಾರ ಬಿಟ್ಟು, ಕಾಫಿ ಅಂಗಡಿಯವನ ಹೂಕುಂಡವನ್ನು ನೆನೆದು ಒಮ್ಮೆ ಒತ್ತಿದೆ. ಕಿರ್ ಎಂದು ಬಿಟ್ಟಿತು. ಸಿಟ್ಟಿನಿಂದಲೂ ಕೆಲವು ಉಪಯೋಗಗಳಿವೆ.

ಫೋರ್ಕನ್ನು ಕೆಳಗಿಳಿಸುತ್ತಿದ್ದಂತೆ ಹಳೇ ಗುಂಡುಗಳು ಬೆಡ್‌ಶೀಟಿನ ಮೇಲೆ ಟಪಟಪ ಉದುರಿದವು. ಗ್ರೀಸ್ ಒಣಗಿ ಕರಿ ಪುಡಿಯಾಗಿತ್ತು. ಕಂಬಿಯನ್ನು ಕೊಳವೆಯೊಳಗೆ ಇಳಿಬಿಟ್ಟು, ಒಮ್ಮೆ ಈ ಅಂಚಿಗೆ ಒಮ್ಮೆ ಆ ಅಂಚಿಗೆ ಬಡಿದು ಕೆಳಗಿನ ಬಟ್ಟಲನ್ನು ಕಳಚಿದೆ. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಸುತ್ತಲೂ ಒಂದೇ ಅಂತರದಲ್ಲಿ ಸಣ್ಣ ಸಣ್ಣ ಕುಳಿ. ಮೇಣದ ಮೇಲೆ ಹಲ್ಲು ಕಚ್ಚಿಸಿದರೆ ಮೂಡುವ ಗುರುತಿನ ಹಾಗೆಯೇ ಇತ್ತು. ಉಗುರು ಆಡಿಸಿದರೆ ಪ್ರತಿ ಕುಳಿಯಲ್ಲೂ ಸಿಕ್ಕಿಕೊಳ್ಳುತ್ತಿತ್ತು.

ಆಗ ನಮ್ಮವರು ಹಿತ್ತಲಿಗೆ ಬಂದರು. ಮಣಿಕಟ್ಟಿಗೆ ಐಸ್ ಇಟ್ಟುಕೊಳ್ಳಲು ಹೋಗಿದ್ದರಂತೆ.

"ಐಸ್ ಡಬ್ಬದಲ್ಲಿ ಏನೇ ಅದು, ಬಳೆ?"

ನಾನು ಹಳೇ ಬಟ್ಟಲನ್ನು ಅವರತ್ತ ಚಾಚಿದೆ. ಕನ್ನಡಕ ಮೇಲೇರಿಸಿ, ಕರಡು ಓದುವಂತೆ ಕಣ್ಣ ಹತ್ತಿರ ಹಿಡಿದು ಸುತ್ತಲೂ ನೋಡಿದರು.

"ನಾ ಅವತ್ತೇ ಹೇಳಿದ್ನಲ್ಲ," ಎಂದರು, "ಕೈ ನಡುಗ್ತು ಅಂತ."

ಏಳು ವಾರ ನುಂಗಿಕೊಂಡಿದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. "ಹೇಳಿದ್ರಿ. ಮಗಳಿಗೆ ಹೇಳಿದ್ರಿ. ನನ್ನ ಕೈ ನಡುಗೋದನ್ನ ನೋಡಿದ್ರೆ ನನಗಲ್ವೇನ್ರೀ ಹೇಳ್ಬೇಕಾಗಿದ್ದು? ಹಾಸಿಗೆಯಲ್ಲಿ ಮಲಗಿ ಚಾಡಿ ಹೇಳೋದಾ?"

ಅವರು ಬಟ್ಟಲು ಕೆಳಗಿಳಿಸಿ ನನ್ನ ಮುಖವನ್ನೇ ನೋಡಿದರು. "ನಿನ್ನ ಕೈ ಅಂತ ಯಾರಂದ್ರು?"

"ಮತ್ಯಾರ ಕೈ?"

ಅವರು ಟ್ಯಾಂಕಿನ ಮೇಲೆ ಟವೆಲ್ ಸುತ್ತಿ ಮಲಗಿಸಿದ್ದ ಹ್ಯಾಂಡಲನ್ನು ತೋರಿಸಿದರು. "ಇದರ ಕೈ."

ಕಣ್ಣು, ಹೊಟ್ಟೆ, ಕಾಲು. ಕೈ. ಹೆಸರಿಟ್ಟವಳು ನಾನೇ. ಚಳಿಗಾಲದಲ್ಲಿ ಅದಕ್ಕೆ ಹೊಸ ರಬ್ಬರ್ ಹಿಡಿ ಹಾಕಿದಾಗ, "ಕೈಗೆ ಗ್ಲೌಸು ಬಂತು," ಎಂದು ನಕ್ಕವಳೂ ನಾನೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಕೈ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ನನ್ನದೇ ನೆನಪಾಗಿತ್ತು. ನಮ್ಮಿಬ್ಬರ ಭಾಷೆ ಮಗಳಿಗಂತೂ ಗೊತ್ತಿಲ್ಲ; ಅವಳ ಪಾಲಿಗೆ ಹ್ಯಾಂಡಲ್ ಎಂದರೆ ಹ್ಯಾಂಡಲ್.

"ಮೂವತ್ತು ವರ್ಷ ಊರವರ ವಾಕ್ಯ ತಿದ್ದಿದ್ರಿ. ನಿಮ್ಮ ಒಂದು ವಾಕ್ಯಕ್ಕೆ ಯಾರ ಕೈ ಅಂತ ಸೇರಿಸೋಕೆ ಆಗ್ಲಿಲ್ವಾ?"

"ಇಂಜೆಕ್ಷನ್ ಕೊಟ್ಟಿದ್ರಲ್ಲೇ," ಎಂದರು ಪೆಚ್ಚಾಗಿ.

ನನಗೆ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು. ಸೀಮೆಎಣ್ಣೆ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಉರಿಸಿಕೊಂಡೆ. ನನ್ನ ಕೈಯ ಗುಟ್ಟನ್ನು ನಾನಾಗಿಯೇ ಬಾಯಿಬಿಟ್ಟಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಅವರು ಅದರ ಬಗ್ಗೆ ಏನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಕುಳ್ಳ ಸ್ಟೂಲು ತಂದು ಬೈಕಿನ ಮುಂದೆ ಹಾಕಿಕೊಂಡು ಕೂತರು.

"ನಾನೇನು ಮಾಡ್ಲಿ ಹೇಳು."

ಶನಿವಾರ ಬೆಳಿಗ್ಗೆ, ತಿಂಡಿ ಆದಮೇಲೆ, ಜೋಡಿಸಲು ಕೂತೆವು. ತಣ್ಣಗಿದ್ದ ಬಟ್ಟಲನ್ನು ಕೊಳವೆಯ ಬಾಯಿಗಿಟ್ಟು, ಹಳೇ ಬಟ್ಟಲನ್ನು ಅದರ ಮೇಲೆ ಬೋರಲು ಹಾಕಿ, ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದೆ. ಟಣ್ ಟಣ್ ಎನ್ನುತ್ತಿದ್ದ ಸದ್ದು ಒಂದು ಏಟಿಗೆ ಠಪ್ ಎಂದು ಮಂದವಾಯಿತು. ತಳ ಸೇರಿದೆ ಎಂದರ್ಥ. ಕೆಳಗಿನ ಕೋನನ್ನು ಫೋರ್ಕಿನ ಬುಡಕ್ಕೆ ಕೂರಿಸಿ, ಅದರ ಸುತ್ತ ಗ್ರೀಸ್ ಮೆತ್ತಿ, ಗುಂಡುಗಳನ್ನು ಒಂದೊಂದಾಗಿ ಅಂಟಿಸುತ್ತ ಹೋದೆ. ಚಿಮುಟದ ತುದಿಯಲ್ಲಿ ಗುಂಡು ಎತ್ತಿದಾಗ ಕೈ ಸಣ್ಣಗೆ ಆಡುತ್ತಿತ್ತು. ಗ್ರೀಸಿಗೆ ತಾಗಿದ ಕ್ಷಣ ನಿಲ್ಲುತ್ತಿತ್ತು. ಮೇಣಕ್ಕೆ ಹಲ್ಲು ತಾಗಿದಾಗಲೂ ಹೀಗೇ. ಕೆಳದವಡೆ ಮುಗಿಯಿತು. ಮೇಲ್ದವಡೆಗೆ, ಎಂದರೆ ಮೇಲಿನ ಬಟ್ಟಲಿಗೆ, ಕೈ ಹಾಕಿದೆ.

ನಮ್ಮವರು ಕತ್ತು ಚಾಚಿ ನೋಡುತ್ತಿದ್ದರು. "ಒಂದು ಹೆಚ್ಚಾಗಿದೆ."

"ಇಲ್ಲ."

"ಇಪ್ಪತ್ತಿದೆ. ಎಣಿಸು."

ಎಣಿಸಿದೆ. ಇಪ್ಪತ್ತಿತ್ತು. ಸಂದು ಕಂಡರೆ ತುಂಬುವುದು ನನ್ನ ಕೈಗೆ ಅಂಟಿದ ಚಾಳಿ; ಮನಸ್ಸು ಬೇಡ ಎಂದಿದ್ದರೂ ಕೈ ತುಂಬಿಬಿಟ್ಟಿತ್ತು. ಒಂದನ್ನು ಕಿತ್ತು ಪಕ್ಕಕ್ಕಿಟ್ಟೆ. ಹೆಚ್ಚಿನ ಅಕ್ಷರ ಹಿಡಿದ ಖುಷಿ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಫೋರ್ಕನ್ನು ಮೇಲೆತ್ತುವುದು ಒಬ್ಬರ ಕೆಲಸವಲ್ಲ. ಅದನ್ನು ನೆಟ್ಟಗೆ ಮೇಲೆತ್ತಿ ಹಿಡಿಯಬೇಕು, ಒಂದು ಗುಂಡೂ ಜಾರಬಾರದು, ಅದೇ ಹೊತ್ತಿಗೆ ಮೇಲಿನಿಂದ ಇನ್ನೊಬ್ಬರು ನಟ್ಟು ಹಿಡಿಸಬೇಕು. ನಮ್ಮವರು ಸ್ಟೂಲಿನ ಮೇಲೆ ಕೂತು, ಫೋರ್ಕಿನ ಬುಡವನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು, ಬಲಗೈಯಲ್ಲಿ ತಬ್ಬಿ ಎತ್ತಿ ಹಿಡಿದರು. ಹಣೆಯಲ್ಲಿ ನರ ಉಬ್ಬಿತು. ಮೂರನೇ ಸುತ್ತಿನಲ್ಲಿ ನಟ್ಟು ಹಲ್ಲು ಕಚ್ಚಿತು.

"ಬಿಡ್ಲಾ?"

"ಬಿಟ್ಟೀರಿ ಜೋಕೆ!"

ಇನ್ನು ಬಿಗಿ ನೋಡಬೇಕು. ಹಲ್ಲಿನ ಸೆಟ್ಟಿನಲ್ಲೂ ಕಷ್ಟದ ಕೆಲಸ ಇದೇ: ಬಿಗಿಯಾದರೆ ವಸಡು ಹುಣ್ಣಾಗುತ್ತದೆ, ಸಡಿಲವಾದರೆ ಮಾತಾಡುವಾಗ ಜಾರುತ್ತದೆ. ನಟ್ಟನ್ನು ಸ್ವಲ್ಪ ಬಿಗಿದು ಅಲ್ಲಾಡಿಸಿದೆ, ಮತ್ತೆ ಚೂರು ಸಡಿಲಿಸಿದೆ. ಚಕ್ರ ಹ್ಯಾಂಡಲ್ ಎಲ್ಲ ಹಾಕಿ ಮತ್ತೆ ಅಲ್ಲಾಡಿಸಿದೆ. ಟಕ್ ಎಂಬ ಸದ್ದು ಹೋಗಿತ್ತು. ಹ್ಯಾಂಡಲನ್ನು ಒಂದೇ ಬೆರಳಿನಿಂದ ಮುಟ್ಟಿದೆ. ತಾನಾಗಿ ಎಡಕ್ಕೆ ಜಾರಿ, ತುದಿ ಮುಟ್ಟಿ ನಿಂತಿತು. ಬಲಕ್ಕೂ ಹಾಗೆಯೇ. ನಡುವೆ ಎಲ್ಲೂ ತಡೆಯಲಿಲ್ಲ.

ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಮಗಳು ಬಂದಳು. ಅವಳ ಹಿಂದೆಯೇ ಕಾಫಿ ಅಂಗಡಿಯವನು ಸಣ್ಣ ಲಾರಿಯೊಂದಿಗೆ, ಅದರ ಡ್ರೈವರನ ಜೊತೆ ಬಂದ. ಇಳಿದವನೇ ಜೇಬಿನಿಂದ ಅಳತೆ ಟೇಪು ತೆಗೆದು ನನ್ನ ಸೀಟಿನ ಅಗಲ ಅಳೆಯಲು ಶುರುಮಾಡಿದ.

"ಟೇಪು ಒಳಗಿಡಪ್ಪ," ಎಂದೆ. "ಇದು ಮಾರಾಟಕ್ಕಿಲ್ಲ."

ಅವನು ಮಗಳ ಮುಖ ನೋಡಿದ. ಮಗಳು ನನ್ನ ಮುಖ ನೋಡಿದಳು. ನಾನು ಅವಳ ಬೆರಳು ಹಿಡಿದು, ಹಳೇ ಬಟ್ಟಲಿನೊಳಗೆ ಉಗುರು ಆಡಿಸಿದೆ. "ನೋಡು. ನೆಲ ಡೊಂಕು."

ಅವಳು ಎರಡು ಸಲ ಸುತ್ತಿ ನೋಡಿದಳು. ಪುರಾವೆ ಕಂಡರೆ ಅವಳ ಹುಬ್ಬು ಗಂಟಾಗುತ್ತದೆ. "ಆದ್ರೆ ಅಪ್ಪಾನೇ ಹೇಳಿದ್ರಲ್ಲ, ನಿನ್ನ ಕೈ ನಡುಗ್ತು ಅಂತ."

"ಹ್ಯಾಂಡಲ್ ನಡುಗ್ತು ಅಂದೆ ಕಣಮ್ಮ," ಎಂದರು ನಮ್ಮವರು. "ನಾವು ಅದಕ್ಕೆ ಕೈ ಅಂತೀವಿ. ನಾನು ಬಿಡಿಸಿ ಹೇಳ್ಬೇಕಾಗಿತ್ತು. ತಪ್ಪು ನಂದು."

ಮಗಳು ಹಳೇ ಬಟ್ಟಲನ್ನು ನನಗೆ ಹಿಂತಿರುಗಿಸಿದಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಹೆತ್ತವಳು ನಾನಲ್ಲವೇ, ಅಷ್ಟು ಸುಲಭಕ್ಕೆ ಬಿಡುವ ಮಗಳನ್ನು ಹೆತ್ತಿರಲಿಲ್ಲ.

"ಸರಿ. ಕೈ ಚಾಚು ಅಮ್ಮಾ."

"ಯಾಕೆ?"

"ಟೀ ಲೋಟ ಅರ್ಧ ತುಂಬಿಸ್ಕೊಳ್ಳೋದನ್ನ ನಾನೂ ನೋಡಿದ್ದೀನಿ. ಚಾಚು."

ಲಾರಿಯವನು, ಕಾಫಿ ಅಂಗಡಿಯವನು, ನಮ್ಮವರು, ಎಲ್ಲರೂ ನೋಡುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಳ್ಳಬಹುದಿತ್ತು. ಒರೆಸಿಕೊಳ್ಳಲಿಲ್ಲ. ಎರಡೂ ಕೈ ಬಿಸಿಲಿಗೆ ಚಾಚಿದೆ. ಬೆರಳ ತುದಿಗಳು ಸಣ್ಣಗೆ ನಡುಗಿದವು.

ಮಗಳ ಕಣ್ಣು ತುಂಬಿತು. "ಇದಕ್ಕೇ ಅಮ್ಮಾ ನಾನು ಹೇಳೋದು. ನಿಮ್ಮಿಬ್ರನ್ನೂ ಒಂದೇ ಸಲ ಕಳ್ಕೊಳ್ಳೋ ಧೈರ್ಯ ನನಗಿಲ್ಲ."

ಆ ಮಾತು ನನ್ನ ಸಿಟ್ಟನ್ನು ಅರ್ಧ ಇಳಿಸಿತು. ಇನ್ನರ್ಧ ಬಾಕಿ ಇತ್ತಲ್ಲ. "ನಡುಗುತ್ತೆ," ಎಂದೆ. "ಖಾಲಿ ಇದ್ರೆ ನಡುಗುತ್ತೆ. ನಿನ್ನ ಡಾಕ್ಟರ ಹತ್ರ ಕರ್ಕೊಂಡ್ಹೋಗು, ಬರ್ತೀನಿ, ತೋರಿಸ್ಕೋತೀನಿ. ಆದ್ರೆ ಕೆಲಸ ಮಾಡೋ ಕೈಯನ್ನ ಖಾಲಿ ಚಾಚಿಸಿ ತೀರ್ಪು ಕೊಡ್ಬೇಡ. ಕೆಲಸ ಕೊಟ್ಟು ನೋಡು."

ಹಳೇ ಬಟ್ಟಲಿಗೆ ಗ್ರೀಸ್ ಸವರಿ ಬೈಕಿನ ಸೀಟಿನ ಮೇಲಿಟ್ಟೆ, ಹೂಕುಂಡ ಇಡಬೇಕೆಂದಿದ್ದ ಜಾಗದಲ್ಲೇ. ತೊಳೆದಿಟ್ಟಿದ್ದ ಹಳೇ ಗುಂಡುಗಳ ತಟ್ಟೆಯನ್ನು ಪಕ್ಕಕ್ಕಿಟ್ಟು, ಚಿಮುಟ ಹಿಡಿದೆ. ಒಂದು. ಎತ್ತುವಾಗ ಆಡಿತು, ತಾಗುವಾಗ ನಿಂತಿತು. ಎರಡು. ಮೂರು. ಎಂಟನೆಯದರ ಹೊತ್ತಿಗೆ ಕಾಫಿ ಅಂಗಡಿಯವನು ತನಗೇ ಗೊತ್ತಿಲ್ಲದೆ ಜೋರಾಗಿ ಎಣಿಸತೊಡಗಿದ್ದ. ಹನ್ನೊಂದನೆಯದು ಚಿಮುಟದಿಂದ ಜಾರಿತು. ಸೀಟಿನ ಹೊಲಿಗೆಯ ಸಂದಿನಲ್ಲಿ ನಿಂತಿದ್ದ ಅದನ್ನು ಎತ್ತಿ, ಅದರ ಜಾಗದಲ್ಲಿ ಕೂರಿಸಿದೆ.

"...ಹದಿನೆಂಟು, ಹತ್ತೊಂಬತ್ತು," ಎಂದ ಅವನು. "ಇನ್ನೊಂದು ಹಿಡಿಯುತ್ತಲ್ಲಮ್ಮಾ?"

"ಹಿಡಿಯೋ ಹಾಗೆ ಕಾಣುತ್ತೆ. ಹಾಕ್ಬಾರ್ದು. ಓಡೋದಕ್ಕೆ ಜಾಗ ಬೇಕು."

ಬಟ್ಟಲನ್ನು ಎತ್ತಿ ಮಗಳ ಕಣ್ಣ ಮುಂದೆ ತಲೆಕೆಳಗು ಮಾಡಿದೆ. ಒಂದೂ ಬೀಳಲಿಲ್ಲ. "ಈ ಹತ್ತೊಂಬತ್ತು ಕೂರಿಸೋಕೆ ಆಗದ ದಿನ ಕೀಲಿ ನಾನೇ ತಂದು ನಿನ್ನ ಕೈಲಿಡ್ತೀನಿ. ಯಾರೂ ಕೇಳ್ಬೇಕಾಗಿಲ್ಲ. ಅಲ್ಲೀವರೆಗೆ ಕೇಳೋ ಹಕ್ಕು ಯಾರಿಗೂ ಇಲ್ಲ."

ಮಗಳು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು. "ನೀನೇನಂತೀಯಪ್ಪಾ?"

ಈಗ ಅಡ್ಡಗೋಡೆಯ ಮೇಲೆ ದೀಪ ಬರುತ್ತದೆ ಎಂದು ನಾನು ಕಾದೆ. ನಮ್ಮವರು ಮೊಳೆಗೆ ನೇತುಹಾಕಿದ್ದ ತಮ್ಮ ಹೆಲ್ಮೆಟ್ ತೆಗೆದು, ಒಂದೇ ಕೈಯಲ್ಲಿ ಒದ್ದಾಡಿ ತಲೆಗೆ ಹಾಕಿಕೊಂಡು, ಬೈಕಿನ ಪಕ್ಕ ಬಂದು ನಿಂತರು.

"ಬಿದ್ದವನು ನಾನು, ಮುರ್ಕೊಂಡವನು ನಾನು," ಎಂದರು. "ಕೀಲಿ ಕೊಡು ಮಗಳೇ."

ಮಗಳು ಕೈಚೀಲ ತಡಕಿ ಕೀಲಿ ತೆಗೆದಳು. ನನ್ನ ಅಂಗೈಯಲ್ಲಿಟ್ಟವಳು ಕೂಡಲೇ ಬಿಡಲಿಲ್ಲ. "ಆರಾರು ತಿಂಗಳಿಗೆ ಬಂದು ಎಣಿಸ್ತೀನಿ."

"ಬಾ. ಎಣಿಸು."

ಕಾಫಿ ಅಂಗಡಿಯವನು ಟೇಪನ್ನು ಜೇಬಿಗಿಳಿಸಿ, ಹಳೇ ಸೈಕಲ್ಲಾದರೂ ಇದೆಯೇ ಎಂದು ಕೇಳಿದ. ಇಲ್ಲವೆಂದೆ.

ಎರಡನೇ ಒದೆತಕ್ಕೆ ಬೈಕು ಶುರುವಾಯಿತು. ನಾನು ಬೇಕೆಂದೇ ನೀರಿನ ಟ್ಯಾಂಕಿನ ರಸ್ತೆ ಹಿಡಿದೆ. ಇಳಿಜಾರು ಬಂತು, ಜಲ್ಲಿ ರಾಶಿ ಬಂತು, ನಾವು ಬಿದ್ದ ಜಾಗ ಬಂತು. ಹ್ಯಾಂಡಲ್ ನೂಲು ಹಿಡಿದಂತೆ ನೆಟ್ಟಗಿತ್ತು. ಸೊಂಟದ ಮೇಲೆ ನಮ್ಮವರ ಬಲಗೈ ಇತ್ತು.

"ಕೈ ಹೇಗಿದೆ?" ಎಂದು ಹಿಂದಿನಿಂದ ಕೂಗಿದರು.

"ಯಾರದ್ದು ಅಂತ ಸರಿಯಾಗಿ ಕೇಳ್ರೀ!"

"ಇಬ್ಬರದ್ದೂ."

"ಅದರದ್ದು ನಿಂತಿದೆ," ಎಂದೆ. ಆಮೇಲೆ, ಗಾಳಿಯ ಸದ್ದಿನಲ್ಲಿ ಮುಖ ಕಾಣದ ಧೈರ್ಯಕ್ಕೆ, ಏಳು ವಾರ ಕೇಳಲಾರದೆ ಉಳಿದಿದ್ದನ್ನು ಕೇಳಿಯೇಬಿಟ್ಟೆ. "ನನ್ನದು ನಡುಗೋದು ನಿಮಗೆ ಯಾವಾಗಿಂದ ಗೊತ್ತು?"

"ಎರಡು ವರ್ಷ ಆಯ್ತಲ್ಲ."

ಎರಡು ವರ್ಷ, ವಾರಕ್ಕೆ ಮೂರು ಸಲವಾದರೂ ಹೀಗೆಯೇ ನನ್ನ ಹಿಂದೆ ಕೂತು ಊರೆಲ್ಲ ಸುತ್ತಿದ್ದಾರೆ. "ಗೊತ್ತಿದ್ದೂ ಮತ್ಯಾಕ್ರೀ ಹಿಂದೆ ಕೂರ್ತಿದ್ರಿ?"

"ಮತ್ತೆಲ್ಲಿ ಕೂರ್ಲಿ?" ಎಂದರು.

ಮುಂದೆ ಏರು ಬಂತು. ನಾನು ಗೇರ್ ಇಳಿಸಿದೆ.